ಒಂದೇ ಸಲ ಕೇಳುವ ಊರಿಗೆ

ನೀಲತ್ತಿ ಹೋಗಿ ಮೂರು ತಿಂಗಳಾಯಿತು. ನಾನು ಬರೆಯುವ ಪೈಕಿಯವಳಲ್ಲ. ಬೆಳಗಾವಿಯ ಒಂದು ಆಸ್ಪತ್ರೆಯ ಮುಂಬಾಗಿಲಲ್ಲಿ ಕುಳಿತು, ಬಂದವರಿಗೆ ಏನಾಗಬೇಕಿತ್ತೆಂದು ಕೇಳಿ, ಯಾವ ಕೋಣೆಗೆ ಹೋಗಬೇಕೆಂದು ಹೇಳುವುದು ನನ್ನ ಕೆಲಸ. ದಿನದ ಮಾತೆಲ್ಲ ಅಲ್ಲೇ ಖರ್ಚಾಗುತ್ತದೆ, ಮನೆಯಲ್ಲಿ ನಾನು ಸುಮ್ಮನಿರುವುದೇ ಹೆಚ್ಚು. ನೀಲತ್ತಿಗೆ ಮಣ್ಣು ಕೊಟ್ಟು ಬಂದ ಮೇಲಂತೂ ಇನ್ನೂ ಸುಮ್ಮನಾದೆ. ಹೋದ ವಾರ ಪಕ್ಕದ ಮನೆಯ ಸವಿತಾ ತನ್ನ ಎಂಟು ವರ್ಷದ ಮಗಳ ಕೈಹಿಡಿದು ಬಂದಳು. ಗಂಡನಿಗೆ ಹೊರದೇಶದಲ್ಲಿ ನೌಕರಿ ಸಿಕ್ಕಿದೆ, ಬರುವ ವರ್ಷ ಮಗಳನ್ನು ಅಲ್ಲಿಯ ಶಾಲೆಗೆ ಹಾಕಬೇಕು. ನಮ್ಮ ಓಣಿಯ ತಿರುವಿನಲ್ಲಿ ಈಗ ಒಂದು ಕ್ಲಾಸು ನಡೆಯುತ್ತದೆ. ಅಂಥ ಮಕ್ಕಳಿಗೆ ಮಾತಾಡುವುದು, ನಾಲ್ಕು ಜನರೊಡನೆ ಬೆರೆಯುವುದು, ಅಂಜದೆ ನಿಲ್ಲುವುದು ಎಲ್ಲವನ್ನೂ ಅಲ್ಲಿ ಕಲಿಸುತ್ತಾರಂತೆ. ಸೇರಿಸಲೋ ಬೇಡವೋ ಎಂದು ಕೇಳಲು ಬಂದಿದ್ದಳು.

"ಅಕ್ಕಾರ, ನೀವೂ ಸಣ್ಣವರಿದ್ದಾಗ ಹೊರಗಿನ ದೇಶದಾಗ ಸಾಲಿ ಕಲತೀರಲ್ಲ. ನೀವು ಯಾವ ಕ್ಲಾಸಿಗೆ ಹೋಗಿದ್ರಿ?"

"ನಮ್ಮ ಅತ್ತಿ ಕ್ಲಾಸಿಗೆ."

"ಎಲ್ಲೈತ್ರಿ ಅದು?"

ನಗು ಬಂತು. ಮೂರು ತಿಂಗಳಲ್ಲಿ ಅದೇ ಮೊದಲ ನಗು. ಅವಳಿಗೆ ಆಗ ಸರಿಯಾಗಿ ಉತ್ತರ ಹೇಳಲಾಗಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಆ ಕ್ಲಾಸು ಇದ್ದದ್ದು ಬೆಳಗಾವಿಯ ಶಹಾಪುರದಲ್ಲಿ, ಎರಡು ವಿದ್ಯುತ್ ಮಗ್ಗಗಳ ಸದ್ದಿನ ನಡುವೆ. ಒಂಬತ್ತು ವರ್ಷದ ತನಕ ನಾನು ಬೆಳೆದದ್ದು ಬೈಲಹೊಂಗಲದ ಕಡೆಯ ಒಂದು ಊರಿನಲ್ಲಿ. ನಮ್ಮವ್ವ ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಅವಳಿಗೆ ನ್ಯೂಜಿಲೆಂಡಿನಲ್ಲಿ ಕೆಲಸ ಸಿಕ್ಕಿತು. ಅಪ್ಪನೂ ಜೊತೆಗೆ ಹೋದ. ನನ್ನ ಕಾಗದಪತ್ರ ಬರುವವರೆಗೆ ನಾನು ಅಪ್ಪನ ಅಕ್ಕನ ಮನೆಯಲ್ಲಿ ಇರಬೇಕೆಂದು ಗೊತ್ತಾಯಿತು. ನೀಲತ್ತಿಗೂ ಈರಪ್ಪ ಮಾಮಾನಿಗೂ ಮಕ್ಕಳಿರಲಿಲ್ಲ. ಮನೆ ಉದ್ದಕ್ಕೆ ರೈಲು ಡಬ್ಬಿಯ ಹಾಗಿತ್ತು. ಮುಂದೆ ಮಗ್ಗದ ಕೋಣೆ, ಅದನ್ನು ದಾಟಿದರೆ ಪೂಜೆಯದೂ ಮಲಗುವುದೂ ಆದ ನಡುಮನೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಬಚ್ಚಲು. ಹೊರಗಿನಿಂದ ಯಾರು ಬಂದರೂ ಮಗ್ಗಗಳ ನಡುವಿನ ಸಂದಿಯಲ್ಲಿ ಸೀರೆ, ಧೋತರ ಸಾವರಿಸಿಕೊಂಡು ಅಡ್ಡಡ್ಡ ಬರಬೇಕಿತ್ತು. ಮುಂಜಾನೆ ಮಗ್ಗ ಶುರುವಾದರೆ ಅಡುಗೆಮನೆಯ ತಾಟುಗಳು ತಾವೇ ಸಣ್ಣಗೆ ನಡುಗುತ್ತಿದ್ದವು. ಆ ಮನೆಯಲ್ಲಿ ಮಾತಾಡಲು ಎರಡೇ ದಾರಿ: ಕೂಗಬೇಕು, ಇಲ್ಲವೇ ಕೈಮಾಡಬೇಕು. ಅತ್ತಿ ಕೂಗುವವಳು, ಮಾಮಾ ಕೈಮಾಡುವವನು. ನಾನು ಬಂದ ದಿನವೇ ಮಾಮಾನ ಪಕ್ಷ ಸೇರಿದೆ. ಹೆಬ್ಬೆರಳು ಬಾಯಿಗೆ ಹಿಡಿದರೆ ನೀರು, ಅಂಗೈ ಮಗುಚಿದರೆ ರೊಟ್ಟಿ, ಕಿವಿ ಜಗ್ಗಿದರೆ ಬಾಗಿಲಿಗೆ ಯಾರೋ ಬಂದಿದ್ದಾರೆ. ನನ್ನಂಥ ಬಾಯಿಲ್ಲದ ಹುಡುಗಿಗೆ ಅದು ಸ್ವರ್ಗ. ಮೂರು ತಿಂಗಳಲ್ಲಿ ನಾನು ಆ ಮನೆಯಲ್ಲಿ ಆಡಿದ ಮಾತನ್ನು ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆಯಬಹುದಿತ್ತು.

ಆಗ ಅವ್ವನ ಪತ್ರ ಬಂತು. ಅತ್ತಿ ಅದನ್ನು ಓದಿಸಲು ಮಗ್ಗ ನಿಲ್ಲಿಸಿದಳು. ಹಬ್ಬ, ಸಾವು ಬಿಟ್ಟರೆ ಹಗಲಿನಲ್ಲಿ ಆ ಮಗ್ಗ ನಿಲ್ಲುತ್ತಿದ್ದದ್ದು ಅವ್ವನ ಪತ್ರಕ್ಕೇ. ಮಾಮಾ ಕನ್ನಡಕ ಏರಿಸಿ ಓದಿದ. ಅಲ್ಲಿಯ ಶಾಲೆಯವರು ಗಣಿತ ಎಲ್ಲಿಯ ತನಕ ಆಗಿದೆ ಎಂದು ಕೇಳಲೇ ಇಲ್ಲವಂತೆ. ಮಗು ತನಗೆ ಬೇಕಾದದ್ದನ್ನು ತಾನೇ ಕೇಳುತ್ತದೆಯೇ, ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನುತ್ತದೆಯೇ, ಮುಖ ನೋಡಿ ಮಾತಾಡುತ್ತದೆಯೇ, ಆಟದಲ್ಲಿ ಸೋತರೆ ಸಹಿಸುತ್ತದೆಯೇ ಎಂದು ಕೇಳಿದ್ದರಂತೆ. ಅವ್ವನ ಜೊತೆ ಕೆಲಸ ಮಾಡುವ ಒಬ್ಬಾಕೆಯ ಮಗಳು ವರ್ಷವಿಡೀ ತರಗತಿಯಲ್ಲಿ ಬಾಯಿ ತೆರೆಯದೆ ಕುಳಿತು, ಊಟವನ್ನೂ ಬಿಟ್ಟು, ಕೊನೆಗೆ ಅವಳನ್ನು ಊರಿಗೆ ವಾಪಸು ಕಳಿಸಬೇಕಾಯಿತಂತೆ. "ಇಲ್ಲಿ ಯಾರೂ ಯಾವುದನ್ನೂ ಎರಡನೆಯ ಸಲ ಕೇಳುವುದಿಲ್ಲ ಅಕ್ಕಾ. ಬೇಡ ಅಂದರೆ ಬೇಡ ಅಂತಲೇ ತಿಳಿಯುತ್ತಾರೆ. ಶೈಲಾನನ್ನು ನೆನೆದರೆ ನನಗೆ ಭಯವಾಗುತ್ತದೆ. ಕಾಗದಪತ್ರಕ್ಕೆ ಇನ್ನೂ ಎಂಟು ತಿಂಗಳಿದೆ. ಅಷ್ಟರಲ್ಲಿ ಹೇಗಾದರೂ ಮಾಡಿ ಅವಳ ಬಾಯಿ ಬಿಡಿಸಿರಿ." ಮಾಮಾ ಪತ್ರ ಮಡಿಸಿದ. ಅತ್ತಿ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇದೇನ ಸಾಲಿನೋ, ಕನ್ಯಾ ನೋಡೂದೋ? ಹೆಣ್ಣ ನೋಡಾಕ ಬಂದವ್ರೂ ಇಷ್ಟು ಕೇಳಂಗಿಲ್ಲ."

"ಕೂಸು ಸುಮ್ಮ ಕುಂತ್ರ ನಮ್ಮ ಕಡೆ ಬಂಗಾರದಂಥಾ ಕೂಸು ಅಂತಾರ," ಅಂದ ಮಾಮಾ. "ಅಲ್ಲೆ ತಿರುಗಿ ಕಳಸ್ತಾರ ಅಂದ್ರ ಏನ್ ಹೇಳೂದು."

"ಕಳಸಾಕ ಬಿಡತೇನೇನು ನಾನು? ಎಂಟ ತಿಂಗಳು ಐತಿ. ನಾಳಿಂದ ಶುರು."

ಮರುದಿನವೇ ಶುರುವಾಯಿತು. ಮೊದಲು ಮುಖ ನೋಡಿ ಮಾತಾಡುವುದು. ಅತ್ತಿ ನನ್ನ ಗದ್ದ ಹಿಡಿದೆತ್ತಿ, "ಕಣ್ಣಾಗ ಕಣ್ಣಿಟ್ಟು ನೋಡಬೇಕು, ತಿಳೀತಾ?" ಎಂದು ಹೇಳಿಕೊಟ್ಟಳು. ನಾನು ಹೇಳಿದ್ದನ್ನು ಮಾಡುವ ಹುಡುಗಿ. ಸೋಮವಾರ ಪೂಜೆಗೆ ಬಂದ ಅಯ್ಯನವರಿಗೆ ಎಲ್ಲರೂ ತಲೆಬಾಗಿ ನಮಸ್ಕರಿಸಿದರೆ, ನಾನು ಎದುರು ಕುಳಿತು ರೆಪ್ಪೆ ಬಡಿಯದೆ ಅವರ ಕಣ್ಣನ್ನೇ ನೋಡಿದೆ. ಅವರು ವಿಭೂತಿ ಧರಿಸುವಾಗ ನೋಡಿದೆ, ಮಂತ್ರ ಹೇಳುವಾಗ ನೋಡಿದೆ, ಹೋಳಿಗೆಯ ತುಪ್ಪ ಬೆರಳಿಂದ ಒರೆಸಿಕೊಳ್ಳುವಾಗಲೂ ನೋಡಿದೆ. ಅವರು ಎರಡನೆಯ ಹೋಳಿಗೆ ಅರ್ಧಕ್ಕೇ ಬಿಟ್ಟರು.

"ನೀಲವ್ವಾ, ಈ ಕೂಸಿಗೆ ಏನರ ಬಾಧೆ ಆಗೇತೇನ ಯವ್ವಾ? ನನ್ನ ನೋಡೂದ ಬಿಡವಲ್ದು."

"ಬಾಧೆ ಅಲ್ರಿ ಅಯ್ಯನೋರ, ಅಭ್ಯಾಸ ಮಾಡಾಕತ್ತೈತಿ. ಪರದೇಶಕ್ಕ ಹೊಂಟೈತ್ರಿ."

"ಹಂಗಂದ್ರ ಅಲ್ಲಿ ಮಂದೀನ್ನ ನೋಡಲಿ ತಗೋ," ಎಂದು ಅವರು ಲಗುಬಗೆಯಿಂದ ಎದ್ದರು. ಆಮೇಲೆ ಅತ್ತಿ ನಿಯಮ ಬದಲಿಸಿದಳು: ಮೂರು ಎಣಿಸುವವರೆಗೆ ನೋಡಬೇಕು, ಆಮೇಲೆ ಮೂಗು ನೋಡಬೇಕು, ಮತ್ತೆ ಕಣ್ಣು. ಈಗಲೂ ಆಸ್ಪತ್ರೆಯ ಮೇಜಿನ ಆಚೆಯವರನ್ನು ನಾನು ಹೀಗೆಯೇ ನೋಡುತ್ತೇನೆ. ಯಾರೂ ಇದುವರೆಗೆ ಅರ್ಧಕ್ಕೆ ಎದ್ದು ಹೋಗಿಲ್ಲ.

ಸೋಲುವುದನ್ನು ಕಲಿಸುವ ಕೆಲಸ ಮಾಮಾನ ಪಾಲಿಗೆ ಬಂತು. ಮಗ್ಗ ನಿಂತ ಮೇಲೆ ಸಂಜೆ ನಾವಿಬ್ಬರೂ ನೆಲದ ಮೇಲೆ ಸೀಮೆಸುಣ್ಣದ ಮನೆ ಬರೆದು ಚೌಕಾಬಾರಾ ಆಡುತ್ತಿದ್ದೆವು. ನಾನು ಬಂದಂದಿನಿಂದ ಮಾಮಾ ಒಂದು ಆಟವನ್ನೂ ಗೆದ್ದಿರಲಿಲ್ಲ. ಗೆಲ್ಲುವ ಕಾಯಿಯನ್ನು ಬಿಟ್ಟು ಬೇರೆಯದನ್ನೇ ನಡೆಸುವುದರಲ್ಲಿ ಅವನು ಬಹಳ ಜಾಣ. ಅತ್ತಿ ಇನ್ನು ಮೇಲೆ ಗೆಲ್ಲಲೇಬೇಕೆಂದು ಅಪ್ಪಣೆ ಮಾಡಿದಳು. ಮೊದಲ ಸಂಜೆ ಮಾಮಾ ಗೆದ್ದ. ನಾನು ತುಟಿ ಕಚ್ಚಿಕೊಂಡು ಕುಳಿತೆ, ಅಳಲಿಲ್ಲ. ಮಾಮಾನ ಕಣ್ಣಲ್ಲಿ ನೀರು ಬಂತು. ಅವನು ಧೋತರದ ಚುಂಗಿನಿಂದ ಒರೆಸಿಕೊಂಡು, ಅತ್ತಿ ಒಳಗಿದ್ದಾಳೆಯೇ ಎಂದು ಇಣುಕಿ ನೋಡಿ, ಹಣ್ಣಾದ ತನ್ನ ಕಾಯಿಯನ್ನು ಮತ್ತೆ ಮನೆಯಲ್ಲಿಟ್ಟು, "ಲೆಕ್ಕ ತಪ್ಪಿತ್ತು ನನ್ನವ್ವಾ, ಇನ್ನೂ ಆಟ ಮುಗದಿಲ್ಲ" ಅಂದ. ಆ ಆಟವನ್ನೂ ನಾನೇ ಗೆದ್ದೆ. ಅತ್ತಿ ಎಷ್ಟು ಬೈದರೂ ಆ ಪಾಠ ಆ ಮನೆಯಲ್ಲಿ ಮುಂದೆ ಸಾಗಲಿಲ್ಲ.

ಆದರೆ ಎಲ್ಲಕ್ಕಿಂತ ಕಷ್ಟವಾದದ್ದು ಕೇಳುವ ಪಾಠ. ನಮ್ಮ ಕಡೆಯ ಮಕ್ಕಳಿಗೆ ಬುದ್ಧಿ ಬರುತ್ತಲೇ ಕಲಿಸುವ ಮರ್ಯಾದೆಯೆಂದರೆ ಕೇಳಬಾರದು ಅನ್ನುವುದು. ಇನ್ನೊಬ್ಬರ ಮನೆಯಲ್ಲಿ ತಿನ್ನಲು ಕೊಟ್ಟರೆ ಮೊದಲು "ಬ್ಯಾಡ್ರಿ" ಅನ್ನಬೇಕು. ಎರಡನೆಯ ಸಲ "ಈಗ ಉಂಡು ಬಂದೀನ್ರಿ" ಅನ್ನಬೇಕು. ಮೂರನೆಯ ಸಲ ಕೈ ಹಿಂದೆ ಕಟ್ಟಿಕೊಳ್ಳಬೇಕು. ನಾಲ್ಕನೆಯ ಸಲ ಅವರು ಬೈದರೆ ಅರ್ಧ ತೆಗೆದುಕೊಳ್ಳಬೇಕು. ಕೊಡುವವರಿಗೂ ಇದು ಗೊತ್ತಿರುತ್ತದೆ, ಆದ್ದರಿಂದ ಯಾರೂ ಹಸಿದು ಹೋಗುವುದಿಲ್ಲ. ಅವ್ವ ನನಗೆ ಇದನ್ನು ಎಷ್ಟು ಚೆನ್ನಾಗಿ ಕಲಿಸಿದ್ದಳೆಂದರೆ, ಈಗ ಅವಳೇ ಅದಕ್ಕೆ ಭಯಪಡುತ್ತಿದ್ದಳು. ಅತ್ತಿ ಒಂದು ಉಪಾಯ ಹೂಡಿದಳು. ಎದುರುಮನೆಯ ಜುಬೇದಾ ಖಾಲಾನ ಹತ್ತಿರ ಹೋಗಿ, ನಾಳೆ ಶೈಲಿಯನ್ನು ಕಳಿಸುತ್ತೇನೆ, ತಿನ್ನಲು ಏನಾದರೂ ಕೊಡಬೇಕು, ಆದರೆ ಒಂದೇ ಸಲ ಕೇಳಬೇಕು, ಬೇಡ ಅಂದರೆ ತಾಟು ಒಳಗಿಡಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದಳು. ಖಾಲಾ ಒಪ್ಪಿದಳು. ಮರುದಿನ ಹೋದೆ. ಖಾಲಾ ಬಟ್ಟಲಲ್ಲಿ ಹಾಲುಶಾವಿಗೆಯ ಶೀರ್‌ಕುರ್ಮಾ ಹಾಕಿ ಮುಂದಿಟ್ಟಳು. ನಾನು ಬೇಡವೆಂದೆ. ಖಾಲಾ ಬಟ್ಟಲನ್ನು ಎತ್ತಿಕೊಂಡು ಬಾಗಿಲವರೆಗೆ ಹೋದಳು, ನಿಂತಳು, ತಿರುಗಿ ನೋಡಿದಳು. ಮತ್ತೆ ಎರಡು ಹೆಜ್ಜೆ ಹೋದಳು. ಆಮೇಲೆ ಓಡಿ ಬಂದು ನನ್ನ ಬಾಯಿಗೇ ಚಮಚ ಹಿಡಿದಳು. ಸಂಜೆ ಅತ್ತಿ ಜಗಳಕ್ಕೇ ಹೋದಳು.

"ಏನ್ ಖಾಲಾ, ಒಂದ ಸಲ ಕೇಳಿ ಬಿಡ್ರಿ ಅಂದಿದ್ನಲ್ಲಾ!"

"ನನಗ ಬರಂಗಿಲ್ಲ ನೀಲಾ. ಬಾಯಿ ಕಟ್ಟಿ ಹಿಡದೆ, ಕಾಲ ತಿರುಗಿ ಬಂದ್ವು. ನಿನಗ ಬರತೈತೇನು? ಬರೂದಿದ್ರ ನೀನ ಮಾಡಿ ತೋರ್ಸು."

"ತೋರಸ್ತೇನಿ ತಗೋರಿ."

ಅಂದಿನಿಂದ ಮನೆಯಲ್ಲಿ ಕಾನೂನು ಜಾರಿಯಾಯಿತು. ಶೈಲಿ ಬಾಯಿಬಿಟ್ಟು ಕೇಳದೆ ಅವಳ ತಾಟಿಗೆ ಯಾರೂ ಏನೂ ಹಾಕಬಾರದು. ಕೈಸನ್ನೆ ನಡೆಯುವುದಿಲ್ಲ. ರೊಟ್ಟಿ ಮಾತ್ರ ಬುಟ್ಟಿಯಲ್ಲಿ ಎದುರಿಗೆ ಇರುತ್ತದೆ. ಅವತ್ತು ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನಾನು ಒಣರೊಟ್ಟಿ ಮುರಿದು ಮುರಿದು ತಿಂದೆ. ಅತ್ತಿ ಎದುರು ಕುಳಿತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನನಗೆ ಹಟವಿರಲಿಲ್ಲ, ನಿಜವಾಗಿಯೂ ಮಾತು ಬರುತ್ತಿರಲಿಲ್ಲ. "ಅತ್ತಿ, ಪಲ್ಯ ಬೇಕು" ಅನ್ನುವ ಮೂರು ಶಬ್ದ ಗಂಟಲ ತನಕ ಬಂದು, ಅಲ್ಲಿ ನಾಚಿಕೆ ಅವುಗಳನ್ನು ಹಿಡಿದು ನಿಲ್ಲಿಸುತ್ತಿತ್ತು. ಎರಡು ದಿನ ಹೀಗೆ ನಡೆಯಿತು. ಎರಡನೆಯ ದಿನ ಸಂಜೆ ನೂಲು ಸುತ್ತುತ್ತ ಕುಳಿತಿದ್ದಾಗ, ಮಾಮಾ ಮಗ್ಗದ ಮರೆಯಲ್ಲಿ ನನ್ನ ಉಡಿಗೆ ಎಲೆಯಲ್ಲಿ ಕಟ್ಟಿದ ಪೊಟ್ಟಣ ಹಾಕಿದ. ಬಿಚ್ಚಿದರೆ ಬದನೆಕಾಯಿ. ತಲೆಯೆತ್ತಿದರೆ ಬಾಗಿಲಲ್ಲಿ ಅತ್ತಿ. ಅವಳು ಬೈಯಲಿಲ್ಲ. ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಅವಳೂ ಒಂದು ಬಟ್ಟಲು ತಂದಿದ್ದಳು. ನಾವು ಮೂವರೂ ಅಷ್ಟು ನಕ್ಕ ದಿನ ಬೇರೆ ನೆನಪಿಲ್ಲ. ಮಾಮಾ ನಗುತ್ತ ನಗುತ್ತ ಮಗ್ಗದ ಕಂಬ ಹಿಡಿದು ನಿಂತಿದ್ದ.

ನಗು ಮುಗಿದ ಮೇಲೆ ಅತ್ತಿ ಗಂಭೀರವಾದಳು.

"ಇಲ್ಲಿ ಆಗೂದಿಲ್ಲ. ಇದರ ಹುಬ್ಬ ಹಾರಿದ್ರ ಸಾಕು, ನಮಗ ತಿಳೀತೈತಿ. ನಾವು ಇರಲಾರದ ಕಡೆ ಬಿಡಬೇಕು ಇದನ್ನ."

"ಎಲ್ಲಿ ಬಿಡ್ತಿ?"

"ಪರದೇಶಕ್ಕ ಹೋಗೂಕಿಂತ ಮದಲ ಗುಂಜಿಗೆ ಹೋಗಿ ಬರಲಿ."

ಗುಂಜಿ ಖಾನಾಪುರ ತಾಲೂಕಿನ ಹಳ್ಳಿ, ಕಾಡಿನ ಅಂಚಿಗೆ ಇದೆ. ಪರಶುರಾಮ ಕಾಕಾ ಅನ್ನುವವನು ಕೆಲವು ವರ್ಷ ಮಾಮಾನ ಮಗ್ಗದಲ್ಲಿ ದುಡಿದು ಊರಿಗೆ ಮರಳಿದ್ದ. ಅವನ ಮನೆಮಾತು ಮರಾಠಿ, ಊರಿನ ಶಾಲೆಯೂ ಮರಾಠಿಯದು. ಶಹಾಪುರದ ಮಕ್ಕಳಿಗೆಲ್ಲ ಎರಡೂ ಭಾಷೆ ಬರುತ್ತಿದ್ದವು, ಆದರೆ ನಾನು ಬೈಲಹೊಂಗಲದ ಕಡೆಯವಳು, ನನಗೆ ಮರಾಠಿಯ ಗಂಧವಿರಲಿಲ್ಲ. ಅತ್ತಿಗೆ ಬೇಕಾದದ್ದೂ ಅದೇ. ದೀಪಾವಳಿ ಮುಗಿದ ಮೇಲೆ ಪ್ಯಾಸೆಂಜರ್ ರೈಲಿನಲ್ಲಿ ನನ್ನನ್ನು ಕರೆದುಕೊಂಡು ಹೋದಳು. ಶಾಲೆಯ ಮಾಸ್ತರರಿಗೆ ವಿಷಯ ಹೇಳಿದಾಗ ಅವರು ನಕ್ಕು, ಸುಮ್ಮನೆ ಬಂದು ಕುಳಿತರೆ ತಮ್ಮದೇನೂ ಅಭ್ಯಂತರವಿಲ್ಲ ಅಂದರು. ಪರಶುರಾಮ ಕಾಕಾ ಗದ್ದೆ ಕೊಯ್ಲಿನ ಕೆಲಸದಲ್ಲಿ ದಿನವಿಡೀ ಹೊರಗೆ ಇರುತ್ತಿದ್ದ. ಮನೆಯಲ್ಲಿ ಅವನ ಹೆಂಡತಿ ಶಾಂತಾ ಮಾವಶಿ, ನನ್ನದೇ ವಯಸ್ಸಿನ ಮಗಳು ಮಂದಾ. ಇಬ್ಬರಿಗೂ ಕನ್ನಡ ಬರುತ್ತಿರಲಿಲ್ಲ. ಅತ್ತಿ ಹೊರಡುವಾಗ ಪ್ಲಾಟ್‌ಫಾರ್ಮಿನಲ್ಲಿ ಹಿಂದಿರುಗಿ ನೋಡಲಿಲ್ಲ. ನನಗೆ ಸಿಟ್ಟು ಬಂತು. ತಾನು ಅಳುತ್ತಿರುವುದು ನನಗೆ ಕಾಣಬಾರದೆಂದು ಅವಳು ತಿರುಗಲಿಲ್ಲ ಎಂದು ಮಾಮಾ ಎಷ್ಟೋ ವರ್ಷಗಳ ಮೇಲೆ ಹೇಳಿದ.

ಮೊದಲ ಐದು ದಿನ ನಾನು ಒಂದು ಮಾತೂ ಆಡಲಿಲ್ಲ. ಮಾಸ್ತರರು ಹೆಸರು ಕೇಳಿದರು. ಹೆಸರು ಕೇಳುತ್ತಿದ್ದಾರೆಂದು ತಿಳಿದರೂ ಹೇಳಲಿಲ್ಲ. ಮಂದಾ ಎದ್ದು, "ತಿಲಾ ಬೋಲತಾ ಯೇತ ನಾಹೀ" ಅಂದಳು. ಇವಳಿಗೆ ಮಾತು ಬರುವುದಿಲ್ಲವೆಂದು. ಇಡೀ ತರಗತಿ ನನ್ನನ್ನು ಮೂಗಿಯೆಂದು ನಂಬಿತು. ಒಬ್ಬಳು ಕನಿಕರದಿಂದ ತನ್ನ ಬೋರೆಹಣ್ಣನ್ನೂ ಕೊಟ್ಟಳು. ಶಾಂತಾ ಮಾವಶಿ ಬಹಳ ಪ್ರೀತಿಯವಳು. ನಾವು ಲಿಂಗವಂತರೆಂದು ನಾನಿದ್ದಷ್ಟು ದಿನವೂ ಆ ಮನೆಯಲ್ಲಿ ಮೀನು ಬೇಯಿಸಲಿಲ್ಲ. ಅದಕ್ಕೆ ಮಂದಾ ದಿನಾ ಜಗಳವಾಡುತ್ತಿದ್ದಳೆಂದು ಆಮೇಲೆ ಗೊತ್ತಾಯಿತು. ಆದರೆ ಮಾವಶಿ ಮೂರು ಹೊತ್ತೂ ಅನ್ನವನ್ನೇ ಬಡಿಸುತ್ತಿದ್ದಳು. ತಾಟು ತುಂಬ ಬಿಸಿ ಅನ್ನ, ಕಾಳಿನ ಸಾರು. ಅನ್ನ ಉಂಡು ಏಳುವ ಹೊತ್ತಿಗೆ ನನಗೆ ಮತ್ತೆ ಹಸಿವು. ರೊಟ್ಟಿಯಿಲ್ಲದೆ ನನ್ನ ಹೊಟ್ಟೆಗೆ ಊಟವಾಯಿತೆಂದು ಗೊತ್ತೇ ಆಗುತ್ತಿರಲಿಲ್ಲ. ಮಾವಶಿ ನನ್ನ ಮುಖ ನೋಡಿ ಕಕ್ಕುಲಾತಿಯಿಂದ ಇನ್ನಷ್ಟು ಅನ್ನ ಹಾಕುತ್ತಿದ್ದಳು. ಹುಬ್ಬು ಹಾರಿಸಿ ತಿಳಿಸೋಣವೆಂದರೆ ಆ ಹುಬ್ಬಿನ ಭಾಷೆಯೂ ಅಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಮಂದಾ ಮಾತ್ರ ದಿನಕ್ಕೆ ನೂರು ಸಲ ಏನಾದರೂ ಬೇಡುವವಳು. ಎದ್ದ ಕೂಡಲೇ "ಮಲಾ ಚಹಾ ಪಾಹಿಜೆ", ಶಾಲೆಗೆ ಹೊರಡುವಾಗ "ಮಲಾ ಪೆನ್ಸಿಲ್ ಪಾಹಿಜೆ", ಬರುವಾಗ ಯಾರದೋ ಹಿತ್ತಿಲ ಪೇರಲ ಕಂಡರೆ ಅದೂ "ಪಾಹಿಜೆ". ಮಲಾ ಅಂದರೆ ನನಗೆ, ಪಾಹಿಜೆ ಅಂದರೆ ಬೇಕು; ಕೇಳಿ ಕೇಳಿ ಆ ಎರಡು ಶಬ್ದ ನನ್ನ ತಲೆಯಲ್ಲಿ ಕುಳಿತಿದ್ದವು. ಆರನೆಯ ದಿನ ಪಕ್ಕದ ಮನೆಯಿಂದ ಹಂಚಿನ ಮೇಲೆ ರೊಟ್ಟಿ ಬೇಯುವ ವಾಸನೆ ಬಂತು. ನಾನು ಎದ್ದು ಒಲೆಯ ಮುಂದೆ ಕುಳಿತಿದ್ದ ಮಾವಶಿಯ ಹತ್ತಿರ ಹೋದೆ. ಮೂರು ಎಣಿಸುವವರೆಗೆ ಕಣ್ಣು ನೋಡಿದೆ. ರೊಟ್ಟಿಗೆ ಅವರು ಭಾಕರಿ ಅನ್ನುತ್ತಾರೆಂದು ಗೊತ್ತಿತ್ತು.

"ಮಲಾ ಭಾಕರೀ ಪಾಹಿಜೆ."

ಮಾವಶಿಯ ಕೈಯಿಂದ ಸೌಟು ಬಿತ್ತು. "ಬೋಲಲೀ! ಪೋರಗೀ ಬೋಲಲೀ!" ಎಂದು ಕೂಗುತ್ತ ಅಂಗಳಕ್ಕೆ ಓಡಿದಳು. ಹುಡುಗಿ ಮಾತಾಡಿದಳೆಂದು ನಾಲ್ಕು ಮನೆಯ ಹೆಂಗಸರು ಬಂದು ಸೇರಿದರು. ಅವರ ಮುಂದೆ ಮತ್ತೊಮ್ಮೆ ಹೇಳಿಸಿದಳು, ಹೇಳಿದೆ. ಮನೆಯಲ್ಲಿ ಜೋಳದ ಹಿಟ್ಟಿರಲಿಲ್ಲ, ಅಕ್ಕಿಹಿಟ್ಟಿನಲ್ಲೇ ತಟ್ಟಿದಳು. ಬೆಳ್ಳಗೆ, ಮೆತ್ತಗೆ, ನಮ್ಮ ರೊಟ್ಟಿಗೂ ಅದಕ್ಕೂ ಏನೂ ಸಂಬಂಧವಿರಲಿಲ್ಲ. ನಾಲ್ಕು ತಿಂದೆ. ಸಣ್ಣಂದಿನಿಂದ ನನ್ನ ಬಾಯಿಯಿಂದ ಬಾರದ ಮಾತು ಗುರುತಿಲ್ಲದ ಭಾಷೆಯಲ್ಲಿ ಹೇಗೆ ಬಂತೆಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಕನ್ನಡದ "ಬೇಕು" ಎಂಬುದಕ್ಕೆ ನನ್ನ ನಾಚಿಕೆಯೆಲ್ಲ ಅಂಟಿಕೊಂಡಿತ್ತು. ಬೇಕು ಅಂದವರನ್ನು ಆಸೆಬುರುಕಿ ಅನ್ನುವ ಹೆಂಗಸರು, ತಾಟಿಗೆ ಕೈಚಾಚಿದ್ದಕ್ಕೆ ಬಿದ್ದ ಏಟು ಎಲ್ಲವೂ ಆ ಶಬ್ದದ ಬೆನ್ನಿಗಿದ್ದವು. ಮರಾಠಿಯ ಮಾತಿನ ಬೆನ್ನಿಗೆ ಯಾರೂ ಇರಲಿಲ್ಲ. ಅದು ಮಂದಾನಿಂದ ಎರವಲು ತಂದ ಅಂಗಿಯ ಹಾಗೆ ಹಗುರವಾಗಿತ್ತು.

ಒಮ್ಮೆ ಬಾಯಿ ಬಿಟ್ಟ ಮೇಲೆ ನಾನು ಮುಚ್ಚಲಿಲ್ಲ. ಕಿಟಕಿಯ ಪಕ್ಕದ ಜಾಗ ಕೇಳಿದೆ, ಕೊಟ್ಟರು. ಲೆಕ್ಕ ತಿಳಿಯಲಿಲ್ಲ ಅಂದೆ, ಮಾಸ್ತರರು ಮತ್ತೆ ಬಿಡಿಸಿ ತೋರಿಸಿದರು. ಶಾಲೆಯ ಗಂಟೆ ಹೊಡೆಯಲು ಕೊಡಿರೆಂದೆ, ಅದನ್ನೂ ಕೊಟ್ಟರು. ಅವತ್ತು ಶಾಲೆ ಹತ್ತು ನಿಮಿಷ ಬೇಗ ಬಿಟ್ಟಿತು. ಮೂಗಿ ಮಾತಾಡಿದ ಸಂತೋಷದಲ್ಲಿ ಆ ಊರಿನಲ್ಲಿ ಯಾರೂ ನನಗೆ ಇಲ್ಲ ಅನ್ನಲಿಲ್ಲ. ಆರು ವಾರದ ಮೇಲೆ ಅತ್ತಿ ಕರೆದೊಯ್ಯಲು ಬಂದಾಗ ನಾನು ಮೂರು ವರ್ಷದ ಮಾತನ್ನು ಒಂದೇ ಉಸಿರಿಗೆ ಆಡುತ್ತಿದ್ದೆ. ರೈಲು ಖಾನಾಪುರದಲ್ಲಿ ನಿಂತಿತು. ಭಜಿ ಮಾರುವವನು ಕಿಟಕಿಗೆ ಬಂದ. ಅತ್ತಿ ಬಾಯಿ ತೆರೆಯುವ ಮೊದಲೇ ನಾನು ಕೇಳಿದೆ.

"ಕಾಕಾ, ಬಿಸೀವು ಯಾವು? ಕೆಳಗಿನವು ಕೊಡ್ರಿ, ಮ್ಯಾಲಿನವು ಆರ್ಯಾವು."

ಭಜಿಯವನು ಅತ್ತಿಯನ್ನು ನೋಡಿದ. "ಭಾರೀ ಅದಾಳ್ರಿ ನಿಮ್ಮ ಮಗಳು!"

ಅತ್ತಿ ಮಗಳಲ್ಲವೆಂದು ತಿದ್ದಲಿಲ್ಲ. ದೇಸೂರು ಬರುವವರೆಗೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಲೇ ಇದ್ದಳು.

ಕಾಗದಪತ್ರ ಹೇಳಿದ್ದಕ್ಕಿಂತ ಬೇಗನೆ ಬಂದವು. ಓಣಿಯಲ್ಲಿ ಫೋನಿದ್ದದ್ದು ಜುಬೇದಾ ಖಾಲಾನ ಮನೆಯಲ್ಲಿ ಮಾತ್ರ. ರವಿವಾರ ಮುಂಜಾನೆ ಅವ್ವನ ಫೋನು ಬರುತ್ತಿತ್ತು. ಆ ರವಿವಾರ ಅವ್ವ, ಬರುವ ತಿಂಗಳು ಅಪ್ಪ ಬಂದು ನನ್ನನ್ನು ಕರೆತರುತ್ತಾನೆಂದು ಹೇಳಿದಳು. ಅವಳ ದನಿಯಲ್ಲಿ ಕುಣಿಯುವಷ್ಟು ಸಂತೋಷವಿತ್ತು. ನನ್ನ ಎಡಕ್ಕೆ ಅತ್ತಿ, ಬಲಕ್ಕೆ ಖಾಲಾ ಕಿವಿಗೊಟ್ಟು ನಿಂತಿದ್ದರು. ಎಲ್ಲರೂ ಕಲಿಸಿದ್ದನ್ನು ನಾನು ಆಗ ಮಾಡಿದೆ.

"ಅವ್ವಾ, ನಾ ಬರಂಗಿಲ್ಲ. ನಾ ಇಲ್ಲೇ ಅತ್ತಿ ಹತ್ರ ಇರತೇನಿ. ನನಗ ಇಲ್ಲೇ ಇರಬೇಕಾಗೈತಿ."

ಅವ್ವ, ಫೋನು ಅತ್ತಿಗೆ ಕೊಡು ಅಂದಳು. ಅತ್ತಿ ಮಗ್ಗದ ಮನೆಯವಳು, ಫೋನಿನಲ್ಲೂ ಕೂಗುವವಳು. ಅವತ್ತು ಮೆಲ್ಲಗೆ ಮಾತಾಡಿದಳು.

"ಕೇಳಿದೀಯಲ್ಲಾ? ಎಷ್ಟು ಸ್ವಚ್ಛ ಹೇಳ್ತು ನೋಡು, ಒಂದ ಸಲಕ್ಕ. ಅಳಲಿಲ್ಲ, ಮುಖ ತಿರುವಲಿಲ್ಲ." ಅವ್ವ ಏನೋ ಕೇಳಿದಳು. ಅತ್ತಿ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದಳು. "ನಾ ಏನಂತೇನಿ ಅಂತೀಯೇನು? ಕರಕೊಂಡ ಹೋಗು. ಈಗ ತಯಾರ ಆಗೇತಿ."

ನಾನು ಮನೆಗೆ ಓಡಿಹೋಗಿ ಅಡುಗೆಮನೆಯ ಮೂಲೆಯಲ್ಲಿ ಹಿಟ್ಟಿನ ಡಬ್ಬಿಯ ಹಿಂದೆ ಕುಳಿತೆ. ಮಾಮಾ ಬಂದು ಕರೆದ, ಏಳಲಿಲ್ಲ. ಮಾಮಾ ಅತ್ತಿಯ ಕಡೆ ನೋಡಿ, ಇರಲಿ ಬಿಡು ಎಂಬಂತೆ ಎರಡೂ ಕೈ ಚಾಚಿದ. ಅತ್ತಿ ಅವನನ್ನು ಹೊರಗೆ ಕಳಿಸಿ, ನನ್ನ ಎದುರಿಗೆ ನೆಲದ ಮೇಲೆ ಕುಳಿತಳು. ರವಿವಾರವೂ ಓಡುತ್ತಿದ್ದ ಮಗ್ಗವನ್ನು ಅವತ್ತು ಯಾರೋ ನಿಲ್ಲಿಸಿದ್ದರು.

"ನೀನ ಹೇಳಿದ್ದಿ ಕೇಳು ಅಂತ," ಅಂದೆ. "ಕೇಳಿದೆ. ನೀನ ಕೊಡಲಿಲ್ಲ."

"ಕೇಳೂದು ನಿನ್ನ ಕೆಲಸ ಯವ್ವಾ. ಹೂಂ ಅನ್ನೂದು, ಇಲ್ಲ ಅನ್ನೂದು ಎದುರಿನವ್ರ ಕೆಲಸ. ಕೇಳಿದ್ದೆಲ್ಲಾ ಸಿಗತೈತಿ ಅಂತ ನಾ ಯಾವಾಗ ಹೇಳಿದ್ದೆ?"

"ನಿನಗ ನಾ ಬ್ಯಾಡೇನು?"

ಯಾವ ಮಾತನ್ನೂ ನೇರ ಆಡದ ಮನೆತನದ ಹೆಂಗಸು ಅವಳು. ತನಗೆ ಬೇಕಾದದ್ದನ್ನು ಅವಳು ಬಾಯಿಬಿಟ್ಟು ಹೇಳಿದ್ದನ್ನು ನಾನು ಆ ಮೊದಲು ಕಂಡಿರಲಿಲ್ಲ. ಆಮೇಲೆ ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲೂ ಕಾಣಲಿಲ್ಲ.

"ಬೇಕು," ಅಂದಳು. ನನ್ನ ಕಣ್ಣನ್ನೇ ನೋಡುತ್ತ ಅಂದಳು. "ಭಾಳ ಬೇಕು. ಆದ್ರ ಇಲ್ಲ."

ಅವಳು ನನ್ನನ್ನು ಅಪ್ಪಿಕೊಳ್ಳಲಿಲ್ಲ, ಸಮಾಧಾನ ಮಾಡಲಿಲ್ಲ. ಎದ್ದು ಹಿಟ್ಟು ಕಲಸತೊಡಗಿದಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ನಾನು ಮೂಲೆಯಲ್ಲೇ ಕುಳಿತು ಅದನ್ನು ಕೇಳುತ್ತಿದ್ದೆ. ಸಾಯುವಷ್ಟು ದುಃಖವಾಗಿತ್ತು. ಆದರೆ ಹೊತ್ತು ಏರಿದಂತೆ ಹಸಿವೂ ಆಯಿತು. ಎದ್ದು ಬಂದು ತಾಟು ಹಾಕಿಕೊಂಡು ಕುಳಿತೆ. ಪಲ್ಯ ಹಾಕು ಅಂದೆ, ಹಾಕಿದಳು.

ನ್ಯೂಜಿಲೆಂಡಿನ ಶಾಲೆಯ ಮೊದಲ ದಿನ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಗೋಡೆ ತುಂಬ ಚಿತ್ರಗಳಿದ್ದ ಬೆಳಕಿನ ಕೋಣೆ. ಹೊರಗೆ ತೊಳೆದಿಟ್ಟಂಥ ಹಸಿರು. ಶಿಕ್ಷಕಿ ಏನೋ ಹೇಳಿದರು, ಎಲ್ಲರೂ ಎದ್ದು ಇಬ್ಬಿಬ್ಬರಾಗಿ ಕುಳಿತರು. ತಿಳಿಯಲಿಲ್ಲ ಅಂದೆ. ಅವರು ನಿಧಾನವಾಗಿ ಮತ್ತೆ ಹೇಳಿದರು: ಜೊತೆಗೆ ಕೆಲಸ ಮಾಡಲು ಒಬ್ಬರನ್ನು ಆರಿಸಿಕೋ. ನಾನು ಕಿಟಕಿಯ ಹತ್ತಿರ ಒಬ್ಬಳೇ ಇದ್ದ, ಮುಖದ ತುಂಬ ಕಂದು ಚುಕ್ಕೆಗಳ ಹುಡುಗಿಯ ಬಳಿ ಹೋದೆ. ಅವ್ವ ಕಲಿಸಿದ್ದ ಇಂಗ್ಲಿಷಿನಲ್ಲಿ, ನಿನ್ನ ಪಕ್ಕ ಕೂರಲೇ ಎಂದು ಕೇಳಿದೆ. ಅವಳು ತಲೆಯೆತ್ತಿ ನೋಡಿ, ಇಲ್ಲ ಅಂದಳು. ಅಷ್ಟೇ. ಎರಡನೆಯ ಮಾತಿಲ್ಲ. ಇಡೀ ತರಗತಿ ನನ್ನನ್ನು ನೋಡುತ್ತಿತ್ತು. ಮುಖ ಬಿಸಿಯಾಯಿತು. ಅವ್ವನ ಗೆಳತಿಯ ಮಗಳು ವರ್ಷವಿಡೀ ಬಾಯಿ ಮುಚ್ಚಿ ಕುಳಿತದ್ದು ಬಹುಶಃ ಇಂಥ ಒಂದು ಗಳಿಗೆಯ ಮೇಲೆಯೇ ಇರಬೇಕು. ಆದರೆ ನನಗೆ ಇದಕ್ಕಿಂತ ದೊಡ್ಡ "ಇಲ್ಲ" ಆಗಲೇ ಸಿಕ್ಕಾಗಿತ್ತು, ನನ್ನನ್ನು ಎಲ್ಲರಿಗಿಂತ ಹೆಚ್ಚು ಬೇಕೆಂದವಳ ಬಾಯಿಂದ. ಅದನ್ನು ಕೇಳಿದ ಮೇಲೂ ನಾನು ಎದ್ದು ಉಂಡಿದ್ದೆ.

ನಾನು ತಿರುಗಿ ಮುಂದಿನ ಮೇಜಿಗೆ ಹೋದೆ. ಅಲ್ಲಿ ಗಿಡ್ಡ ಜಡೆಯ ಒಬ್ಬಳು ಬಣ್ಣದ ಪೆನ್ಸಿಲುಗಳನ್ನು ಹರವಿಕೊಂಡು ಕುಳಿತಿದ್ದಳು. ಅದೇ ಪ್ರಶ್ನೆಯನ್ನು ಅವಳಿಗೂ ಕೇಳಿದೆ, ಸ್ವಲ್ಪ ಜೋರಾಗಿ. ಅವಳು ಬಣ್ಣ ಹಚ್ಚುವುದನ್ನು ನಿಲ್ಲಿಸದೆಯೇ, ಎಡಗೈಯಿಂದ ತನ್ನ ಚೀಲವನ್ನು ಪಕ್ಕದ ಕುರ್ಚಿಯ ಮೇಲಿಂದ ಕೆಳಗೆ ನೂಕಿದಳು.